ಸಣ್ಣ ಕ್ಯಾಬಿನ್ ದೋಣಿಗೆ ಕ್ಯಾರಿಯರ್: ಹಾಸನದ ವೆಲ್ಡಿಂಗ್ ಶಾಪಿನ ಕೆಲಸ ಹೇಗಿದೆ?

ಜೀಪಿಗೆ ಕ್ಯಾರಿಯರ್ ಮಾಡಿಸುವುದು ನಮ್ಮ ಭಾಗದಲ್ಲಿ ಹೊಸ ವಿಷಯವೇನೂ ಅಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳ ಜೀಪುಗಳಿಗಾಗಿ ಈ ಕೆಲಸ ಮಾಡಿ ಪಳಗಿದ ವೆಲ್ಡಿಂಗ್ ಶಾಪುಗಳು ಊರೂರಿನಲ್ಲಿವೆ. ದೋಣಿಗೆ ಕ್ಯಾರಿಯರ್ ಬೇಕೆಂದು ಅದೇ ಶಾಪಿಗೆ ಹೋದರೆ ಏನಾಗುತ್ತದೆ, ಅವರ ಯಾವ ಕೆಲಸವನ್ನು ನಂಬಬಹುದು, ಯಾವುದನ್ನು ನಾವೇ ಮಾಡಿಕೊಳ್ಳಬೇಕು ಎಂಬುದು ಈ ವಿಮರ್ಶೆಯ ವಿಷಯ. ದೋಣಿ ನಮ್ಮ ಭಾವನವರದು. 18 ಅಡಿ ಉದ್ದದ, ಮುಂಭಾಗದಲ್ಲಿ ಇಬ್ಬರು ಮಲಗುವಷ್ಟು ಕ್ಯಾಬಿನ್ ಇರುವ ಫೈಬರ್ ದೋಣಿ. ಅದು ಹೇಮಾವತಿಯ ಹಿನ್ನೀರಿನಲ್ಲಿ ಅನುಮತಿಯೊಂದಿಗೆ ಓಡುತ್ತದೆ. ಕ್ಯಾಬಿನ್ನಿನ ಒಳಗೆ ಹುಟ್ಟು, ಗಾಳದ ಕೋಲು, ಟಾರ್ಪಾಲು, ಹಗ್ಗ ಎಲ್ಲವೂ ತುಂಬಿಕೊಂಡು ಕೂರಲು ಜಾಗವೇ ಉಳಿಯುತ್ತಿರಲಿಲ್ಲವಾದ್ದರಿಂದ, ಉದ್ದನೆಯ ಮತ್ತು ಹಗುರವಾದ ಸಾಮಾನನ್ನು ಛಾವಣಿಯ ಮೇಲೆ ಕಟ್ಟಲು ಒಂದು ಚೌಕಟ್ಟು ಬೇಕಾಯಿತು. ಕಾರಿಗೆಂದು ಸಿದ್ಧವಾಗಿ ಸಿಗುವ ಕ್ಯಾರಿಯರುಗಳು ಮಳೆನೀರು ಹರಿಯುವ ಕಾಲುವೆಯನ್ನೋ ಬಾಗಿಲಿನ ಅಂಚನ್ನೋ ಹಿಡಿದು ನಿಲ್ಲುವಂಥವು. ದೋಣಿಯ ಛಾವಣಿಯಲ್ಲಿ ಅವೆರಡೂ ಇರುವುದಿಲ್ಲ.

ಹಾಸನದ ಬಿ.ಎಂ. ರಸ್ತೆಗೆ ಹತ್ತಿರವಿರುವ ಒಂದು ಶಾಪಿಗೆ ಪೈಪು ಕತ್ತರಿಸುವ, ಬಾಗಿಸುವ ಮತ್ತು ಕಾಲುಗಳನ್ನು ಬೆಸೆಯುವ ಕೆಲಸವನ್ನು ಕೊಟ್ಟು, ಛಾವಣಿಗೆ ರಂಧ್ರ ಕೊರೆಯುವುದರಿಂದ ಹಿಡಿದು ಕೊನೆಯ ಬೋಲ್ಟಿನವರೆಗಿನ ಕೆಲಸವನ್ನು ಮನೆಯವರೇ ಮಾಡಿಕೊಂಡೆವು. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಶಾಪಿನ ಕೈಗೆಲಸ ಬಹಳ ಚೆನ್ನಾಗಿದೆ, ಆದರೆ ಶಾಪಿನ ಸಲಹೆಯನ್ನು ದೋಣಿಯ ವಿಷಯದಲ್ಲಿ ಕೇಳಬಾರದು. ಗೇಟು, ಗ್ರಿಲ್ಲು, ಜೀಪಿನ ಕ್ಯಾರಿಯರ್ ಮಾಡಿ ಅನುಭವವಿರುವ ಮೇಸ್ತ್ರಿಗೆ ಗಟ್ಟಿ ಎಂದರೆ ದಪ್ಪ, ದಪ್ಪ ಎಂದರೆ ತೂಕ. ದೋಣಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಮೇಸ್ತ್ರಿಯವರು ಮೊದಲು ತೋರಿಸಿದ್ದು ಮುಕ್ಕಾಲು ಇಂಚಿನ ಜಿ.ಐ., ಅಂದರೆ ಸತುವಿನ ಲೇಪವಿರುವ ಕಬ್ಬಿಣದ ಪೈಪು. "ಸರ್, ಇದನ್ನೇ ಹಾಕ್ಬಿಡ್ತೀನಿ, ಆನೆ ಹತ್ತಿದ್ರೂ ಅಲ್ಲಾಡಲ್ಲ" ಎಂದರು. ಆಲೂರು, ಸಕಲೇಶಪುರದ ಕಡೆಯವರಿಗೆ ಆನೆಯ ಹೋಲಿಕೆ ಕೇವಲ ಮಾತಿನ ಅಲಂಕಾರವಲ್ಲವಾದರೂ, ದೋಣಿಯ ಛಾವಣಿಗೆ ಅದು ಹತ್ತುವ ಸಂಭವ ಕಡಿಮೆ. ಮಧ್ಯಮ ದರ್ಜೆಯ ಮುಕ್ಕಾಲು ಇಂಚಿನ ಜಿ.ಐ. ಪೈಪು ಒಂದು ಮೀಟರಿಗೆ ಸುಮಾರು ಒಂದೂವರೆ ಕೆ.ಜಿ. ತೂಗುತ್ತದೆ. ನಮ್ಮ ಅಳತೆಯ ಕ್ಯಾರಿಯರಿಗೆ, ಅಂದರೆ 2.4 ಮೀಟರಿನ ಎರಡು ಪಕ್ಕದ ಪೈಪು, ಒಂದೂವರೆ ಮೀಟರಿನ ಐದು ಅಡ್ಡಪೈಪು ಮತ್ತು ಆರು ಗಿಡ್ಡ ಕಾಲುಗಳಿಗೆ, ಒಟ್ಟು ಹದಿಮೂರೂವರೆ ಮೀಟರ್ ಪೈಪು ಬೇಕು. ಜಿ.ಐ. ಹಾಕಿದರೆ ಸಾಮಾನು ಇಡುವ ಮೊದಲೇ ಛಾವಣಿಯ ಮೇಲೆ 20 ಕೆ.ಜಿ.ಗಿಂತ ಹೆಚ್ಚು ತೂಕ ಏರಿದಂತಾಯಿತು.

ಇಲ್ಲಿ ತೂಕದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಉಳಿದ ಎಲ್ಲ ತೀರ್ಮಾನಗಳೂ ಇದರ ಮೇಲೆಯೇ ನಿಂತಿವೆ. ದೋಣಿ ಒಂದು ಬದಿಗೆ ವಾಲಿದಾಗ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಬಲವು, ಇಡೀ ದೋಣಿಯ ಗುರುತ್ವಕೇಂದ್ರ ಎಷ್ಟು ಕೆಳಗಿದೆ ಎಂಬುದನ್ನು ಅವಲಂಬಿಸಿರುತ್ತದೆ. ಎಂಜಿನ್, ಇಂಧನ ಮತ್ತು ಜನ ಸೇರಿ 800 ಕೆ.ಜಿ. ತೂಗುವ ದೋಣಿಯ ಗುರುತ್ವಕೇಂದ್ರಕ್ಕಿಂತ ಒಂದೂವರೆ ಮೀಟರ್ ಮೇಲೆ 40 ಕೆ.ಜಿ. ಇಟ್ಟರೆ, ಆ ಕೇಂದ್ರ ಸುಮಾರು 7 ಸೆಂ.ಮೀ. ಮೇಲಕ್ಕೆ ಸರಿಯುತ್ತದೆ. ಏಳು ಸೆಂಟಿಮೀಟರ್ ಕೇಳಲು ಅಲ್ಪವೆನಿಸಬಹುದು. ಆದರೆ ಸಣ್ಣ ದೋಣಿಯಲ್ಲಿ ಸ್ಥಿರತೆಗಾಗಿ ಉಳಿದಿರುವ ಅಂತರವೇ ಕೆಲವು ಹತ್ತು ಸೆಂಟಿಮೀಟರುಗಳಷ್ಟಾದ್ದರಿಂದ, ಯಾರಾದರೂ ಅಂಚಿಗೆ ಬಂದು ನಿಂತಾಗ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಹಾಗಾಗಿ ಕ್ಯಾರಿಯರ್ ಮತ್ತು ಸಾಮಾನು ಎರಡೂ ಸೇರಿ 40 ಕೆ.ಜಿ. ಮೀರಬಾರದೆಂದು ನಿಶ್ಚಯಿಸಿಕೊಂಡ ಮೇಲೆಯೇ ಪೈಪಿನ ಮಾತಿಗೆ ಬಂದೆವು. ಆ ಮಿತಿಯೊಳಗೆ ಜಿ.ಐ. ಚೌಕಟ್ಟು ಅರ್ಧಕ್ಕಿಂತ ಹೆಚ್ಚನ್ನು ತಾನೇ ನುಂಗಿಬಿಡುತ್ತದೆ.

ಸ್ಟೇನ್‌ಲೆಸ್ ಸ್ಟೀಲಿನ ಒಂದು ಇಂಚಿನ, ಒಂದೂವರೆ ಮಿ.ಮೀ. ದಪ್ಪದ ಪೈಪಿನಲ್ಲಿ ಇದೇ ಚೌಕಟ್ಟು ಸುಮಾರು 12 ಕೆ.ಜಿ.ಗೆ ಇಳಿಯುತ್ತದೆ. ಅಲ್ಯೂಮಿನಿಯಂ ಇನ್ನೂ ಹಗುರ, ಆದರೆ ಅದರ ಬಿಗಿತನ ಉಕ್ಕಿನ ಮೂರನೇ ಒಂದು ಭಾಗ ಮಾತ್ರ. ಅದೇ ಅಳತೆಯ ಪೈಪು ಹಾಕಿದರೆ ಮೂರು ಪಟ್ಟು ಬಾಗುತ್ತದೆ. ಇದಕ್ಕೆ ಪರಿಹಾರ ಗೋಡೆಯ ದಪ್ಪವನ್ನು ಹೆಚ್ಚಿಸುವುದಲ್ಲ, ಪೈಪಿನ ವ್ಯಾಸವನ್ನು ಹೆಚ್ಚಿಸುವುದು. ಒಂದೂವರೆ ಮೀಟರ್ ಉದ್ದದ ಅಡ್ಡಪೈಪಿನ ನಡುವೆ 15 ಕೆ.ಜಿ. ತೂಗುಹಾಕಿದರೆ, 25 ಮಿ.ಮೀ. ವ್ಯಾಸದ, 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪೈಪು ಹದಿನೈದು ಮಿ.ಮೀ.ಗಿಂತಲೂ ಹೆಚ್ಚು ಬಾಗುತ್ತದೆ. ಅಷ್ಟೇ ದಪ್ಪದ 38 ಮಿ.ಮೀ. ವ್ಯಾಸದ ಪೈಪು ಬಾಗುವುದು ಸುಮಾರು 4 ಮಿ.ಮೀ. ಮಾತ್ರ. ತೂಕ ಏರಿದ್ದು ಒಂದೂವರೆ ಪಟ್ಟು, ಬಾಗುವಿಕೆ ಇಳಿದದ್ದು ನಾಲ್ಕನೇ ಒಂದು ಭಾಗಕ್ಕೆ. ಅದರ ಮೇಲೆ, ಮನೆಯ ಮೆಟ್ಟಿಲಿನ ರೇಲಿಂಗಿಗೆ ಹೆಚ್ಚಾಗಿ ಬಳಸುವ ಒಂದೂವರೆ ಇಂಚಿನ ಅಳತೆಯೂ ಇದೇ ಆದ್ದರಿಂದ, ಅದಕ್ಕೆ ಹೊಂದುವ ಕ್ಲ್ಯಾಂಪು, T ಆಕಾರದ ಜೋಡಕ, ಮುಚ್ಚಳಗಳು ರೇಲಿಂಗ್ ಸಾಮಗ್ರಿಯ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಮೇಸ್ತ್ರಿಯವರು ವಾದ ಮಾಡಲಿಲ್ಲ, ನಂಬಲೂ ಇಲ್ಲ. ಎರಡು ತುಂಡು ಪೈಪುಗಳನ್ನು ಇಟ್ಟಿಗೆಗಳ ಮೇಲೆ ಇಟ್ಟು ನಡುವೆ ಕೈಯಿಂದ ಒತ್ತಿ ನೋಡಿದ ಮೇಲೆ ಒಪ್ಪಿದರು. ಹೊಸ ವಿಷಯವನ್ನು ಪರೀಕ್ಷಿಸಿ ಒಪ್ಪಿಕೊಳ್ಳುವ ಈ ಗುಣಕ್ಕೆ ಪ್ರತ್ಯೇಕ ಅಂಕ ಕೊಡಬೇಕು.

ಅಲ್ಯೂಮಿನಿಯಂ ಬೆಸುಗೆಯ ವಿಷಯದಲ್ಲಿ ಗಿರಾಕಿಗಳು ತಿಳಿದಿರಬೇಕಾದದ್ದು ಒಂದಿದೆ. "ಆರ್ಗಾನ್ ವೆಲ್ಡಿಂಗ್ ಮಾಡುತ್ತೇವೆ" ಎಂದು ಬೋರ್ಡು ಹಾಕಿಕೊಂಡಿರುವ ಎಲ್ಲ ಕಡೆಯೂ ಅಲ್ಯೂಮಿನಿಯಂ ಬೆಸೆಯಲಾಗುವುದಿಲ್ಲ. ಸ್ಟೇನ್‌ಲೆಸ್ ರೇಲಿಂಗಿಗೆ ಬಳಸುವ ಆರ್ಗಾನ್ ಯಂತ್ರ ಸಾಮಾನ್ಯವಾಗಿ ಡಿ.ಸಿ. ವಿದ್ಯುತ್ತಿನದು, ಅಲ್ಯೂಮಿನಿಯಮ್ಮಿನ ಮೇಲ್ಮೈಯಲ್ಲಿರುವ ಆಕ್ಸೈಡ್ ಪದರವನ್ನು ಒಡೆಯಲು ಎ.ಸಿ. ಸೌಲಭ್ಯವಿರುವ ಯಂತ್ರ ಬೇಕು. ಇನ್ನೊಂದು ಅಡ್ಡಿಯೂ ಇದೆ: ಕಿಟಕಿ, ಪಾರ್ಟಿಷನ್ನುಗಳಿಗೆ ಬಳಸುವ 6063 ದರ್ಜೆಯ ಅಲ್ಯೂಮಿನಿಯಂ ತನ್ನ ಗಟ್ಟಿತನವನ್ನು ಪಡೆಯುವುದು ಕಾರ್ಖಾನೆಯ ಶಾಖೋಪಚಾರದಿಂದ. ಬೆಸುಗೆಯ ಶಾಖ ತಗುಲಿದ ಜಾಗದಲ್ಲಿ ಆ ಬಲದ ಅರ್ಧದಷ್ಟು ಹೊರಟುಹೋಗುತ್ತದೆ, ಅಂದರೆ ಹೆಚ್ಚು ಒತ್ತಡ ಬೀಳುವ ಸಂದಿಯೇ ದುರ್ಬಲವಾಗುತ್ತದೆ. ಆದ್ದರಿಂದ ನಾವು ಕಾಲು ಮತ್ತು ಅದರ ಕೆಳಗಿನ ಬೇಸ್ ಪ್ಲೇಟುಗಳನ್ನು ಮಾತ್ರ ಸ್ಟೇನ್‌ಲೆಸ್ಸಿನಲ್ಲಿ ಬೆಸೆಸಿ, ಮೇಲಿನ ಚೌಕಟ್ಟನ್ನೆಲ್ಲ ಅಲ್ಯೂಮಿನಿಯಮ್ಮಿನಲ್ಲಿ ಕ್ಲ್ಯಾಂಪು ಮತ್ತು ಬೋಲ್ಟುಗಳಿಂದ ಜೋಡಿಸಿದೆವು. ಮುಂದೆ ಒಂದು ಪೈಪು ಬಾಗಿದರೆ ಅದೊಂದನ್ನೇ ಬಿಚ್ಚಿ ಬದಲಾಯಿಸಬಹುದೆಂಬುದು ಇದರ ಇನ್ನೊಂದು ಅನುಕೂಲ. ಎಲ್ಲವೂ ಸೇರಿ ಚೌಕಟ್ಟಿನ ತೂಕ 11 ಕೆ.ಜಿ.ಯೊಳಗೆ ನಿಂತಿತು.

ಎರಡು ಲೋಹಗಳು ತಾಗಿಕೊಂಡಿರುವ ಕಡೆ ನೀರು ನಿಂತರೆ ಅಲ್ಯೂಮಿನಿಯಂ ಸವೆಯುತ್ತದೆ. ಸಿಹಿನೀರಿನಲ್ಲಿ ಇದು ಸಮುದ್ರದಲ್ಲಿರುವಷ್ಟು ವೇಗವಾಗಿ ನಡೆಯುವುದಿಲ್ಲ, ಆದರೂ ನಿಲ್ಲುವುದಿಲ್ಲ. ಕ್ಲ್ಯಾಂಪಿನ ಒಳಗೆ ತೆಳು ರಬ್ಬರ್ ಪಟ್ಟಿ, ಬೋಲ್ಟಿನ ತಲೆಯ ಕೆಳಗೆ ನೈಲಾನ್ ವಾಷರ್ ಹಾಕಿದರೆ ಸಾಕು. ಹೇಮಾವತಿಯ ನೀರಿಗೆ 304 ದರ್ಜೆಯ ಸ್ಟೇನ್‌ಲೆಸ್ ಧಾರಾಳವಾಯಿತು. ಮಂಗಳೂರು ಅಥವಾ ಕಾರವಾರದ ಕಡೆ ಉಪ್ಪುನೀರಿಗೆ ದೋಣಿ ಇಳಿಸುವವರು ಮಾತ್ರ, ಮಾಲಿಬ್ಡಿನಂ ಬೆರೆತ 316 ದರ್ಜೆಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆ.

ಶಾಪಿನ ಮೇಲಿನ ನನ್ನ ಒಂದು ದೂರು ಇಲ್ಲಿಯೇ ಬರುತ್ತದೆ. ಬಿಲ್ಲಿನಲ್ಲಿ 304 ಎಂದು ಬರೆದಿದ್ದರೂ, ಬೇಸ್ ಪ್ಲೇಟುಗಳಿಗೆ ಹಾಕಿದ್ದು 202 ದರ್ಜೆಯ ತಗಡು. 202ರಲ್ಲಿ ನಿಕ್ಕಲ್ ಕಡಿಮೆ, ಅದರ ಬದಲು ಮ್ಯಾಂಗನೀಸ್ ಹೆಚ್ಚು. ಹೊಳಪಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ, ತುಕ್ಕಿನಲ್ಲಿ ಕಾಣುತ್ತದೆ. ಅಯಸ್ಕಾಂತ ಹಿಡಿದು ನೋಡುವ ರೂಢಿ ಇಲ್ಲಿ ಪ್ರಯೋಜನವಿಲ್ಲ, ಏಕೆಂದರೆ ಎರಡೂ ಅಯಸ್ಕಾಂತಕ್ಕೆ ಹೆಚ್ಚಾಗಿ ಅಂಟುವುದಿಲ್ಲ. ಸ್ಟೀಲಿನ ವ್ಯಾಪಾರಿಗಳು ಮತ್ತು ಗುಜರಿಯವರು ಇಟ್ಟುಕೊಂಡಿರುವ ಪರೀಕ್ಷಾ ದ್ರಾವಣದ ಒಂದು ಹನಿ ಹಾಕಿ ಸಣ್ಣ ಬ್ಯಾಟರಿ ತಾಗಿಸಿದರೆ, ಬದಲಾಗುವ ಬಣ್ಣದಿಂದ ದರ್ಜೆ ತಿಳಿಯುತ್ತದೆ. ತೋರಿಸಿದ ಕೂಡಲೇ ತಕರಾರಿಲ್ಲದೆ ಬದಲಾಯಿಸಿಕೊಟ್ಟರು ಎಂಬುದನ್ನೂ ಹೇಳಬೇಕು. ಬಹುಶಃ ಅವರಿಗೇ ಅಂಗಡಿಯಿಂದ ಹಾಗೆ ಬಂದಿರಬಹುದು. ಆದರೆ ಪರೀಕ್ಷಿಸದೆ ಇದ್ದಿದ್ದರೆ ಒಂದೆರಡು ಮಳೆಗಾಲಗಳಲ್ಲಿ ಬಿಳಿಯ ಛಾವಣಿಯ ಮೇಲೆ ಕಂದು ಗೆರೆಗಳು ಇಳಿಯುತ್ತಿದ್ದವು, ಆಗ ಕೇಳಲು ಯಾವ ಬಿಲ್ಲೂ ಕೈಯಲ್ಲಿ ಇರುತ್ತಿರಲಿಲ್ಲ.

ಶಾಪಿನ ಅತ್ಯುತ್ತಮ ಕೆಲಸ ಪೈಪು ಬಾಗಿಸಿದ್ದು. ಮುಂದಿನ ಎರಡು ಮೂಲೆಗಳು ಚೂಪಾಗಿದ್ದರೆ ದಡದ ಮರದ ಕೊಂಬೆಗೋ ಹಗ್ಗಕ್ಕೋ ಸಿಕ್ಕಿಕೊಳ್ಳುತ್ತವೆಂದು ದುಂಡಗೆ ಬಾಗಿಸಲು ಹೇಳಿದ್ದೆವು. ಗಟ್ಟಿ ದರ್ಜೆಯ ಅಲ್ಯೂಮಿನಿಯಮ್ಮನ್ನು ಚಿಕ್ಕ ತ್ರಿಜ್ಯದಲ್ಲಿ ಬಾಗಿಸಿದರೆ ಹೊರಮೈ ಬಿರಿಯುತ್ತದೆ, ಒಳಮೈ ಮಡಿಚಿಕೊಳ್ಳುತ್ತದೆ. ಮೇಸ್ತ್ರಿಯವರು ಪೈಪಿನೊಳಗೆ ಒಣಮರಳನ್ನು ತಟ್ಟಿ ತುಂಬಿ, ಎರಡೂ ತುದಿಗೆ ಮರದ ಬೆಣೆ ಬಡಿದು, ಪೈಪಿನ ವ್ಯಾಸದ ನಾಲ್ಕು ಪಟ್ಟಿಗಿಂತ ದೊಡ್ಡ ತ್ರಿಜ್ಯದಲ್ಲಿ ನಿಧಾನವಾಗಿ ಬಾಗಿಸಿದರು. ಒಂದು ಸುಕ್ಕೂ ಇಲ್ಲ. ಎರಡೂ ಬದಿಯ ಬಾಗನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಕೂದಲೆಳೆಯ ವ್ಯತ್ಯಾಸವಿಲ್ಲ. ಇಂಥ ಕೆಲಸ ಅಂತರ್ಜಾಲದಲ್ಲಿ ತರಿಸಿಕೊಳ್ಳುವ ಸಿದ್ಧ ಚೌಕಟ್ಟಿನಲ್ಲಿ ಸಿಗುತ್ತದೆಂದು ನನಗನ್ನಿಸುವುದಿಲ್ಲ. ಕಾಲುಗಳ ಬೆಸುಗೆಯೂ ಒಪ್ಪವಾಗಿದೆ. ಬಫಿಂಗ್ ಆದ ಮೇಲೆ ಸಂದಿ ಎಲ್ಲಿದೆಯೆಂದು ಬೆರಳಿನಿಂದ ಸವರಿ ಹುಡುಕಬೇಕು.

ಕಾಲುಗಳ ಎತ್ತರದಲ್ಲಿ ಮಾತ್ರ ಮನೆಯ ರೇಲಿಂಗ್ ಮಾಡಿದ ಅಭ್ಯಾಸ ಎದ್ದು ಕಾಣುತ್ತದೆ. ಮನೆಯ ಸಜ್ಜ ಸಮತಟ್ಟು; ದೋಣಿಯ ಛಾವಣಿ ನಡುವೆ ಉಬ್ಬಿ ಬದಿಗಳಿಗೆ ಇಳಿದಿರುತ್ತದೆ, ಹಿಂದಿನಿಂದ ಮುಂದಕ್ಕೂ ತುಸು ಜಾರಿರುತ್ತದೆ. ಆರು ಕಾಲುಗಳನ್ನೂ ಒಂದೇ ಅಳತೆಗೆ, ಬೇಸ್ ಪ್ಲೇಟನ್ನು ನೇರ ಕೋನದಲ್ಲಿ ಬೆಸೆದರೆ, ಪ್ಲೇಟಿನ ಒಂದು ಅಂಚು ಮಾತ್ರ ಛಾವಣಿಗೆ ತಾಗುತ್ತದೆ. ಅದನ್ನು ಬೋಲ್ಟಿನಿಂದ ಬಲವಂತವಾಗಿ ಎಳೆದರೆ ಫೈಬರ್ ಸೀಳುತ್ತದೆ. ಇದಕ್ಕಾಗಿ ನಾವು ಪ್ರತಿಯೊಂದು ಕಾಲಿನ ಜಾಗದಲ್ಲೂ ಛಾವಣಿಯ ಇಳಿಜಾರಿಗೆ ಸರಿಯಾಗಿ ರಟ್ಟು ಕತ್ತರಿಸಿ, ಸಂಖ್ಯೆ ಬರೆದು ಕೊಟ್ಟಿದ್ದೆವು. ಎತ್ತರವನ್ನು ರಟ್ಟಿನಂತೆಯೇ ಮಾಡಿದರು. ಕೋನವನ್ನು ಮಾತ್ರ ನೇರವಾಗಿಯೇ ಬೆಸೆದರು, "ಬೋಲ್ಟ್ ಟೈಟ್ ಮಾಡಿದ್ರೆ ಕೂತ್ಕೊಳ್ಳುತ್ತೆ ಸರ್" ಎಂಬ ಸಮಾಧಾನದೊಂದಿಗೆ. ಕೊನೆಗೆ ಪ್ಲೇಟಿನ ಕೆಳಗೆ ಸಾಗುವಾನಿಯ ಓರೆ ತುಂಡುಗಳನ್ನು ಕೆತ್ತಿ, ಅವಕ್ಕೆ ಸುತ್ತಲೂ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಕುಡಿಸಿ ಕೂರಿಸಬೇಕಾಯಿತು. ನಿಮ್ಮ ಶಾಪಿನಲ್ಲಿ ಕೋನವನ್ನು ಸರಿಯಾಗಿ ಬೆಸೆಸಿಕೊಳ್ಳಲಾಗದಿದ್ದರೆ ಇದೇ ಉಪಾಯ ಸಾಕು, ಬೆಸುಗೆಯನ್ನು ಮತ್ತೆ ಕತ್ತರಿಸಬೇಕಾಗಿಲ್ಲ.

ಛಾವಣಿಯ ಕೆಲಸವನ್ನು ಶಾಪಿನವರು "ನಾವೇ ಬಂದು ಫಿಟ್ ಮಾಡಿಕೊಡುತ್ತೇವೆ" ಎಂದರು. ನಾವು ಒಪ್ಪಲಿಲ್ಲ, ಯಾರೂ ಒಪ್ಪಬಾರದೆಂದು ನನ್ನ ಅಭಿಪ್ರಾಯ. ಜೀಪಿನ ತಗಡಿಗೂ ದೋಣಿಯ ಛಾವಣಿಗೂ ಇರುವ ವ್ಯತ್ಯಾಸ ಹೊರಗಿನಿಂದ ಕಾಣುವುದಿಲ್ಲ. ಸಾಮಾನ್ಯವಾಗಿ ಇಂಥ ಛಾವಣಿ ಎರಡು ತೆಳು ಫೈಬರ್ ಪದರಗಳ ನಡುವೆ ಪ್ಲೈವುಡ್, ಬಾಲ್ಸಾ ಮರ ಅಥವಾ ಫೋಮನ್ನು ಇಟ್ಟು ಮಾಡಿದ್ದು. ನೇರವಾಗಿ ರಂಧ್ರ ಕೊರೆದು ಬೋಲ್ಟು ಹಾಕಿ ಬಿಗಿದರೆ ಎರಡು ಕೇಡುಗಳು: ಬಿಗಿದಷ್ಟೂ ನಡುವಿನ ಮೆದುಪದರ ಕುಸಿಯುತ್ತದೆ; ಕುಸಿದ ಸಂದಿಯಿಂದ ಇಳಿದ ಮಳೆನೀರು ಮರದ ಪದರದಲ್ಲಿ ಹರಡಿ, ಹೊರಗೆ ಏನೂ ಕಾಣದಂತೆ ಒಳಗೇ ಕೊಳೆಸುತ್ತದೆ. ಸಕಲೇಶಪುರದ ಕಡೆಯ ಜುಲೈ ತಿಂಗಳ ಮಳೆಯಲ್ಲಿ ನೆನೆಯುವ ದೋಣಿಗೆ ಇದು ದೂರದ ಅಪಾಯವಲ್ಲ.

ಸರಿಯಾದ ವಿಧಾನಕ್ಕೆ ಸಮಯ ಹಿಡಿಯುತ್ತದೆ, ಜಾಣತನವೇನೂ ಬೇಕಿಲ್ಲ. ಬೋಲ್ಟಿಗೆ ಬೇಕಾದದ್ದಕ್ಕಿಂತ ದೊಡ್ಡ ರಂಧ್ರವನ್ನು ಮೇಲಿನ ಪದರ ಮತ್ತು ನಡುವಿನ ಮರದಲ್ಲಿ ಕೊರೆದು, ಕೆಳಗಿನ ಪದರವನ್ನು ಹಾಗೆಯೇ ಉಳಿಸಬೇಕು. ಬಗ್ಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ಒಳಗಿನ ಮರವನ್ನು ಸುತ್ತಲೂ ಸ್ವಲ್ಪ ಕೆರೆದು ತೆಗೆಯಬೇಕು. ಆ ಗುಳಿಗೆ ಮೊದಲು ತೆಳ್ಳನೆಯ ಎಪಾಕ್ಸಿ ಹಚ್ಚಿ, ಆಮೇಲೆ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ಗಾಳಿಗುಳ್ಳೆ ಇಲ್ಲದಂತೆ ತುಂಬಬೇಕು. ಅದು ಪೂರ್ತಿ ಗಟ್ಟಿಯಾದ ಮೇಲೆ, ಅದರ ನಡುವೆ ಬೋಲ್ಟಿನ ಅಳತೆಯ ರಂಧ್ರ ಕೊರೆದರೆ, ಬೋಲ್ಟಿನ ಸುತ್ತ ನೀರು ತೂರದ, ಒತ್ತಿದರೆ ಕುಸಿಯದ ಗಟ್ಟಿ ಕೊಳವೆಯೊಂದು ಉಳಿಯುತ್ತದೆ. ರಂಧ್ರದ ಬಾಯಿಯನ್ನು ದೊಡ್ಡ ಬಿಟ್ಟಿನಿಂದ ಸ್ವಲ್ಪ ಓರೆಯಾಗಿ ಅಗಲಿಸಿದರೆ ಸೀಲಂಟ್ ಅಲ್ಲಿ ಉಂಗುರದಂತೆ ಕೂರುತ್ತದೆ. ಛಾವಣಿಯ ಒಳಮೈಯಲ್ಲಿ ಪ್ರತಿ ಕಾಲಿನ ಕೆಳಗೆ, ಬೇಸ್ ಪ್ಲೇಟಿಗಿಂತ ದೊಡ್ಡದಾದ 5 ಮಿ.ಮೀ. ಅಲ್ಯೂಮಿನಿಯಂ ಹಲಗೆಯನ್ನು ಕೊಟ್ಟು ನೈಲಾಕ್ ನಟ್ಟಿನಿಂದ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವ ನಟ್ಟು) ಬಿಗಿಯಬೇಕು. ಸಣ್ಣ ವಾಷರ್ ಕೊಟ್ಟರೆ ಭಾರವೆಲ್ಲ ಒಂದೇ ಕಡೆ ಬಿದ್ದು ಫೈಬರಿನಲ್ಲಿ ನಕ್ಷತ್ರದಾಕಾರದ ಬಿರುಕು ಬಿಡುತ್ತದೆ.

ಸೀಲಂಟಿನ ಆಯ್ಕೆಯಲ್ಲಿ ಹಾರ್ಡ್‌ವೇರ್ ಅಂಗಡಿಯವರ ಮಾತನ್ನೂ ಜಾಗರೂಕತೆಯಿಂದ ಕೇಳಬೇಕು. ಕೇಳಿದ ತಕ್ಷಣ ಕೈಗೆ ಬರುವುದು ವಿನೆಗರ್ ವಾಸನೆಯ ಸಿಲಿಕಾನ್ ಟ್ಯೂಬು. ಅದು ಕಿಟಕಿಯ ಗಾಜಿಗೆ ಸರಿ. ಅದರಿಂದ ಹೊರಡುವ ಆಮ್ಲ ಲೋಹಕ್ಕೆ ಒಳ್ಳೆಯದಲ್ಲ, ಮೇಲಾಗಿ ಒಮ್ಮೆ ಸಿಲಿಕಾನ್ ಬಳಿದ ಜಾಗದಲ್ಲಿ ಮುಂದೆ ಬೇರಾವ ಅಂಟೂ ನೆಟ್ಟಗೆ ಕಚ್ಚುವುದಿಲ್ಲ. ಎಂ-ಸೀಲ್ ಪೈಪಿನ ಸೋರಿಕೆ ಮುಚ್ಚಲು ಒಳ್ಳೆಯದು, ಆದರೆ ಗಟ್ಟಿಯಾದ ಮೇಲೆ ಅದಕ್ಕೆ ಬಾಗುವ ಗುಣವಿಲ್ಲ. ಕಂಪಿಸುವ ಸಂದಿಗೆ ಬಾಗುವಂಥದ್ದೇ ಬೇಕು. ಬ್ಯುಟೈಲ್ ಟೇಪು (ಅಂಟುವ ಮೆದು ರಬ್ಬರಿನ ಪಟ್ಟಿ) ಅಥವಾ ಸಿಕಾಫ್ಲೆಕ್ಸಿನಂಥ ಪಾಲಿಯುರಿಥೇನ್ ಸೀಲಂಟ್ ಈ ಕೆಲಸಕ್ಕೆ ತಕ್ಕದ್ದು. ನಾವು ಬ್ಯುಟೈಲ್ ಬಳಸಿದೆವು, ಏಕೆಂದರೆ ಅದನ್ನು ಮುಂದೆಂದಾದರೂ ಬಿಚ್ಚಬಹುದು. ಪಾಲಿಯುರಿಥೇನ್ ಹಿಡಿದರೆ ಪ್ಲೇಟನ್ನು ಎಬ್ಬಿಸಲು ಫೈಬರನ್ನೇ ಕೀಳಬೇಕಾದೀತು. ಬ್ಯುಟೈಲ್ ಹಾಕಿದವರು ಬೋಲ್ಟನ್ನು ಒಂದೇ ದಿನ ಪೂರ್ತಿ ಬಿಗಿಯಬಾರದು. ಬಿಸಿಲಿಗೆ ಟೇಪು ಮೆದುವಾಗಿ ಹೊರಗೆ ಹಿಂಡಿಕೊಂಡಂತೆಲ್ಲ ಕೆಲವು ದಿನಗಳ ಅಂತರದಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಹೋಗಬೇಕು. ಬಿಗಿಯುವಾಗ ಮೇಲಿನ ಬೋಲ್ಟು ತಿರುಗದಂತೆ ಹಿಡಿದು ಕೆಳಗಿನ ನಟ್ಟನ್ನು ಮಾತ್ರ ತಿರುಗಿಸಿದರೆ ಸೀಲು ಕೆಡುವುದಿಲ್ಲ.

ಕಾಲುಗಳನ್ನು ಎಲ್ಲಿ ಕೂರಿಸಬೇಕೆಂಬುದು ಸೌಂದರ್ಯದ ಪ್ರಶ್ನೆಯಲ್ಲ. ಛಾವಣಿಯ ನಡುಭಾಗ ಕೈಯಿಂದ ಒತ್ತಿದರೆ ಬಗ್ಗುತ್ತದೆ. ಬದಿಯ ಗೋಡೆಗೆ ತಿರುಗುವ ಅಂಚಿನ ಬಳಿ ಮತ್ತು ಒಳಗೆ ಅಡ್ಡಗೋಡೆ ಇರುವ ಗೆರೆಯ ಮೇಲೆ ಬಗ್ಗುವುದಿಲ್ಲ. ಬೆರಳಿನ ಗೆಣ್ಣಿನಿಂದ ತಟ್ಟುತ್ತ ಹೋದರೆ ಸದ್ದಿನಲ್ಲೇ ವ್ಯತ್ಯಾಸ ತಿಳಿಯುತ್ತದೆ. ಛಾವಣಿಯ ಕಿಂಡಿ ಪೂರ್ತಿ ತೆರೆಯಬೇಕು, ಏಕೆಂದರೆ ಕ್ಯಾಬಿನ್ನಿನಿಂದ ತುರ್ತಾಗಿ ಹೊರಬರಲು ಅದೊಂದೇ ಎರಡನೆಯ ದಾರಿ. ಚುಕ್ಕಾಣಿ ಹಿಡಿದವರ ಕಣ್ಣಿನ ನೇರಕ್ಕೆ ಪೈಪಾಗಲಿ ಕಟ್ಟಿದ ಸಾಮಾನಾಗಲಿ ಬರಬಾರದು. ಸುತ್ತಲೂ ಕಾಣುವ ಬಿಳಿ ದೀಪ ಛಾವಣಿಯ ಮೇಲಿದ್ದರೆ ಅದನ್ನು ಕ್ಯಾರಿಯರಿಗಿಂತ ಎತ್ತರಕ್ಕೆ ಸರಿಸಬೇಕು. ಛಾವಣಿಯಲ್ಲಿ ಮೊದಲಿನಿಂದ ಇರುವ ಕೈಹಿಡಿಗೆ ಕ್ಯಾರಿಯರನ್ನು ಕಟ್ಟಿ ಕೆಲಸ ಮುಗಿಸೋಣವೆಂಬ ಯೋಚನೆ ಹಲವರಿಗೆ ಬರುತ್ತದೆ. ಆ ಕೈಹಿಡಿ ಜಾರುವ ಮನುಷ್ಯನ ಆಸರೆಗೆ ಇರುವುದೇ ಹೊರತು ದಿನವಿಡೀ ಅಲುಗುವ ಹೊರೆಗಲ್ಲ.

ಜೋಡಣೆ ಮುಗಿದ ಮೇಲೆ ಎರಡು ಪರೀಕ್ಷೆ ಮಾಡಿದೆವು, ಎರಡಕ್ಕೂ ಖರ್ಚಿಲ್ಲ. ದಡದಲ್ಲಿಯೇ ಕ್ಯಾರಿಯರಿನ ಮೇಲೆ 20 ಲೀಟರಿನ ನೀರಿನ ಕ್ಯಾನುಗಳನ್ನು ಇಟ್ಟು, ಬಿಗಿಯಾಗಿ ಎಳೆದು ಕಟ್ಟಿದ ದಾರದಿಂದ ಪೈಪು ಎಷ್ಟು ಬಾಗಿತೆಂದು ಅಳೆದೆವು; ಕ್ಯಾನು ಇಳಿಸಿದ ಮೇಲೆ ಪೈಪು ಮೊದಲಿನ ಗೆರೆಗೆ ಮರಳಿತು, ಛಾವಣಿಯ ಒಳಗೆ ಎಲ್ಲಿಯೂ ಬಿರುಕಿನ ಗುರುತಿಲ್ಲ. ಎರಡನೆಯದು ನೀರಿನಲ್ಲಿ. ಗಾಳಿಯಿಲ್ಲದ ಬೆಳಿಗ್ಗೆ ದೋಣಿಯನ್ನು ಹಗ್ಗ ಸಡಿಲಿಸಿ ನಿಲ್ಲಿಸಿ, ಅಂಚನ್ನು ಒಮ್ಮೆ ಒತ್ತಿ ಬಿಟ್ಟು, ಹತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ನೋಡುವುದು. ಮೇಲಿನ ತೂಕ ಹೆಚ್ಚಿದಂತೆ ಸ್ಥಿರತೆ ಕುಗ್ಗುತ್ತದೆ, ಸ್ಥಿರತೆ ಕುಗ್ಗಿದಂತೆ ತೂಗಾಟ ನಿಧಾನವಾಗುತ್ತದೆ. ಹಡಗಿನವರು ಬಹಳ ಕಾಲದಿಂದ ಬಳಸುವ ಕ್ರಮವಿದು. ಖಾಲಿ ಕ್ಯಾರಿಯರಿನಲ್ಲಿ ವ್ಯತ್ಯಾಸ ಗೊತ್ತೇ ಆಗಲಿಲ್ಲ. ಪೂರ್ತಿ 40 ಕೆ.ಜಿ. ಏರಿಸಿದಾಗ ತೂಗಾಟ ಸ್ಪಷ್ಟವಾಗಿ ಸೋಮಾರಿಯಾಯಿತು. ಅದನ್ನು ನೋಡಿದ ಭಾವನವರು ಸಾಮಾನಿನ ಮಿತಿಯನ್ನು 20 ಕೆ.ಜಿ.ಗೆ ಇಳಿಸಿ, ಕ್ಯಾಬಿನ್ನಿನ ಬಾಗಿಲ ಮೇಲೆ ಬರೆದು ಅಂಟಿಸಿದ್ದಾರೆ. ಕ್ಯಾರಿಯರ್ ಅದಕ್ಕಿಂತ ಎಷ್ಟೋ ಹೆಚ್ಚು ಹೊರುತ್ತದೆ, ದೋಣಿ ಹೊರುವುದಿಲ್ಲ.

ಬಳಕೆಯಲ್ಲಿ ಹೇಗಿದೆ? ಹುಟ್ಟು, ಉದ್ದದ ಕೊಕ್ಕೆಕೋಲು, ಗಾಳದ ಕೋಲುಗಳು, ಮಡಿಚಿದ ಟಾರ್ಪಾಲು ಇವಿಷ್ಟಕ್ಕೆ ಹೇಳಿ ಮಾಡಿಸಿದಂತಿದೆ. ಗೊರೂರಿನ ಅಣೆಕಟ್ಟೆಯ ಹಿಂದಿನ ಈ ಜಲಾಶಯ ತುಂಬಿದಾಗ, ಅಂದರೆ ನೀರು 2,922 ಅಡಿಯ ಮಟ್ಟಕ್ಕೆ ಬಂದಾಗ, ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಕಡೆಯ ಬಯಲೆಲ್ಲ ನೀರಾಗಿ, ತೆರೆದ ಹರವಿನಲ್ಲಿ ಗಾಳಿ ನೇರವಾಗಿ ಬೀಸುತ್ತದೆ. ಆಗ ಮೇಲೆ ಕಟ್ಟಿದ ಟಾರ್ಪಾಲು ಹಾಯಿಯಾಗದಂತೆ ಬಿಗಿಯಾಗಿ ಸುತ್ತಿರಬೇಕು. ಲೈಫ್ ಜಾಕೆಟ್ಟುಗಳನ್ನು ಕ್ಯಾರಿಯರಿಗೆ ಕಟ್ಟುವುದನ್ನು ಕೆಲವು ಕಡೆ ನೋಡಿದ್ದೇನೆ. ಅವು ಇರಬೇಕಾದದ್ದು ಮೈಮೇಲೆ. ಗಾಜಿನ ಸೋಲಾರ್ ಫಲಕ ಹಾಕುವ ಆಲೋಚನೆಯೂ ಇದೆ. 100 ವ್ಯಾಟಿನ ಒಂದು ಫಲಕ ಏಳೆಂಟು ಕೆ.ಜಿ. ತೂಗುವುದರಿಂದ ಇಪ್ಪತ್ತರ ಮಿತಿಯಲ್ಲಿ ಅದಕ್ಕೆ ಜಾಗ ಮಾಡಲು ಟಾರ್ಪಾಲು ಕೆಳಗಿಳಿಯಬೇಕು. ಫಲಕದ ಕೆಳಗೆ ಗಾಳಿ ಆಡುವುದರಿಂದ ಅದು ಕಡಿಮೆ ಕಾಯುತ್ತದೆ, ಅದು ಲಾಭ. ಗಾಳದ ಕೋಲಿನ ನೆರಳು ಬಿದ್ದರೂ ವಿದ್ಯುತ್ತು ಇಳಿಯುತ್ತದೆ, ಅದು ನಷ್ಟ.

ದೋಣಿಯನ್ನು ಟ್ರೇಲರಿನ ಮೇಲೆ ಏರಿಸಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸಾಗಿಸುವವರು ಕ್ಯಾರಿಯರನ್ನು ಖಾಲಿ ಮಾಡಿಯೇ ಹೊರಡಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 30 ಕೆ.ಜಿ.ಯಷ್ಟಾಗುತ್ತದೆ, ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ನೀರಿನಲ್ಲಿ ಎಂದೂ ಸಡಿಲವಾಗದ ನಟ್ಟು ಊರ ಮುಂದಿನ ರಸ್ತೆ ಉಬ್ಬುಗಳ ಮೇಲೆ ಸಡಿಲವಾಗಬಹುದು. ತಲುಪಿದ ಮೇಲೆ ಕ್ಲ್ಯಾಂಪುಗಳನ್ನೆಲ್ಲ ಒಮ್ಮೆ ಮುಟ್ಟಿ ನೋಡುವುದು ಒಳ್ಳೆಯದು. ದೋಣಿಗೆ ನೋಂದಣಿ ಇರುವವರು ಛಾವಣಿಯ ಮೇಲೆ ಇಂಥದ್ದನ್ನು ಕೂರಿಸುವ ಮುನ್ನ ನೋಂದಣಿ ಮಾಡಿದ ಕಚೇರಿಗೆ ಬರೆದು ತಿಳಿಸಬೇಕು, ಏಕೆಂದರೆ ಸ್ಥಿರತೆಯನ್ನು ಬದಲಿಸುವ ಮಾರ್ಪಾಡು ತಪಾಸಣೆಯ ವಿಷಯವಾಗುತ್ತದೆ.

ಹಣದ ಮಾತು: ಪೈಪು, ಕ್ಲ್ಯಾಂಪು, ಬೆಸುಗೆಯ ಕೂಲಿ, ಎಪಾಕ್ಸಿ, ಟೇಪು ಎಲ್ಲವೂ ಸೇರಿ ಹನ್ನೆರಡು ಸಾವಿರ ರೂಪಾಯಿಯೊಳಗೆ ಮುಗಿಯಿತು. ಇದರಲ್ಲಿ ಶಾಪಿನ ಪಾಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಮತ್ತು ಆ ಬಾಗಿಸಿದ ಎರಡು ಮೂಲೆಗಳಿಗಾಗಿಯೇ ಆ ಹಣ ಕೊಡಬಹುದು. ಹೇಳಿದ ದಿನಕ್ಕೆ ಕೆಲಸ ಸಿಗಲಿಲ್ಲ. ನಡುವೆ ಮದುವೆ ಛತ್ರವೊಂದರ ಗೇಟಿನ ಕೆಲಸ ನುಗ್ಗಿ ನಮ್ಮದು ಒಂದು ವಾರ ಹಿಂದೆ ಸರಿಯಿತು. ಕ್ಯಾರಿಯರ್ ಬೇಕಾದವರು ಮದುವೆಯ ಕಾಲ ಬಿಟ್ಟು ಹೋಗುವುದು ಉತ್ತಮ. ಹೋಗುವಾಗ ಪೈಪಿನ ವ್ಯಾಸ, ಗೋಡೆಯ ದಪ್ಪ, ಸ್ಟೀಲಿನ ದರ್ಜೆ ಮತ್ತು ಪ್ರತಿ ಕಾಲಿನ ಕೋನವನ್ನು ಬರೆದುಕೊಂಡು ಹೋಗಿ, ಅದೇ ಹಾಳೆಯ ಮೇಲೆ ಮೇಸ್ತ್ರಿಯವರ ಸಹಿ ಹಾಕಿಸಿಕೊಳ್ಳಿ. ಮುಂಗಡವನ್ನು ಪೈಪಿನ ಬೆಲೆಯಷ್ಟೇ ಕೊಟ್ಟು, ಉಳಿದದ್ದನ್ನು ಬೇಸ್ ಪ್ಲೇಟಿನ ಮೇಲೆ ದ್ರಾವಣದ ಹನಿ ಹಾಕಿ ನೋಡಿದ ಮೇಲೆ ಕೊಡಿ.